ಅತ್ತೆಯ ಆಯಸ್ಸು

“ಕೈ ಊರದೆ ಕುರ್ಚಿಯಿಂದ ಐದು ಸಲ ಏಳ್ಬೇಕು ಅಜ್ಜಿ, ಆಗುತ್ತಾ?” ಎನ್ನುತ್ತ, ವಯಸ್ಸಾದವರ ತಪಾಸಣೆಗೆಂದು ಮನೆಗೆ ಬಂದಿದ್ದ ಆರೋಗ್ಯ ಕೇಂದ್ರದ ನರ್ಸ್ ಕೈಗಡಿಯಾರ ನೋಡಿದಳು. ತೊಂಬತ್ತೊಂದು ವರ್ಷದ ಅತ್ತೆ ಆರು ಸಲ ಎದ್ದು ಕುಳಿತರು. ಒಂದು ಹೆಚ್ಚಾಯಿತು ಎಂದಿದ್ದಕ್ಕೆ, “ಇರ್ಲಿ, ಮುಂದಿನ ಸಲಕ್ಕೆ ಇಟ್ಕೋ” ಎಂದರು.

ಸೊಸೆ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಅವಳಿಗೆ ಅರವತ್ಮೂರು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಇವರಿಬ್ಬರೇ. ಮನೆಗಿದ್ದ ಒಂದೇ ದೊಡ್ಡ ಕಿಟಕಿ ಅತ್ತೆಯ ಕೋಣೆಯಲ್ಲಿತ್ತು. ಸೊಸೆಯ ಹೊಲಿಗೆ ಮಿಷನ್ನು ಮೂವತ್ತೆಂಟು ವರ್ಷದಿಂದ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಇಕ್ಕಟ್ಟಿನಲ್ಲಿತ್ತು. ಅಲ್ಲಿ ಹಗಲಲ್ಲೂ ದೀಪ ಬೇಕು. ಈಗೀಗ ಸೂಜಿಗೆ ದಾರ ಪೋಣಿಸುವುದಕ್ಕೆ ಭೂತಗನ್ನಡಿಯೂ ಬೇಕು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಆ ಎರಡನೆಯದಕ್ಕೆ ಅವಳು ಕಾಯುತ್ತಿದ್ದಳು. ಹತ್ತು ವರ್ಷದ ಹಿಂದೆ ಅತ್ತೆ ಸ್ನಾನಕ್ಕೆ ಹೋದಾಗ ಕಿಟಕಿಯ ಕೆಳಗೆ ಟೇಪು ಹಿಡಿದು ಅಳೆದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೋಡೆಗೆ ಎರಡು ಗೆರೆ ಎಳೆದಿದ್ದಳು. ಮಿಷನ್ನು ಹೇಳಿ ಮಾಡಿಸಿದಂತೆ ಕೂರುತ್ತಿತ್ತು. ಮರುವಾರವೇ ಅತ್ತೆ ತಮ್ಮ ಟ್ರಂಕನ್ನು ಅಲ್ಲಿಗೆ ಸರಿಸಿಕೊಂಡದ್ದು ಆಕಸ್ಮಿಕವೆಂದು ಸೊಸೆ ನಂಬಿದ್ದಳು. ಅತ್ತೆ ಸಾಯಲಿ ಎಂದು ಅವಳು ಒಂದು ದಿನವೂ ಬಯಸಿದವಳಲ್ಲ. ಕೋಣೆ ಖಾಲಿಯಾಗಲಿ ಎಂದಷ್ಟೇ.

ಅತ್ತೆ ಕೋಣೆಯ ಉದ್ದಕ್ಕೂ ಸರಸರ ನಡೆದರು. ಕೈಹಿಡಿತದ ಬಲ ಅಳೆಯುವ ಸಾಧನವನ್ನು ಎಷ್ಟು ಬಿಗಿಯಾಗಿ ಹಿಂಡಿದರೆಂದರೆ, ಕೆಟ್ಟಿತೇನೋ ಎಂದು ನರ್ಸ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಹತ್ತು ಎಣಿಸುವವರೆಗೆ ಒಂಟಿ ಕಾಲಲ್ಲಿ ನಿಲ್ಲಿ ಎಂದರೆ ಕೊಕ್ಕರೆಯಂತೆ ನಿಂತು, ನಿಂತಲ್ಲೇ ಕಿಟಕಿಯ ಪರದೆಯನ್ನೂ ನೇರ ಮಾಡಿದರು. ಮೊದಲಿಗೆ ಹೇಳಿದ್ದ ಐದು ಪದ ನೆನಪಿವೆಯಾ ಎಂದರೆ, “ಕಿಟಕಿ, ಕುದುರೆ, ನಿಂಬೆಹಣ್ಣು, ಕೊಡೆ, ಏಣಿ. ಹಿಂದಿನಿಂದ ಹೇಳ್ಲಾ?” ಎಂದರು.

“ಬೇಡ ಅಜ್ಜಿ. ಗುಂಡುಕಲ್ಲಿನ ಹಾಗಿದ್ದೀರಿ. ಈ ಹಿಡಿತ, ಈ ನಡಿಗೆ, ಈ ನೆನಪು ಇರೋರು ಅಷ್ಟು ಬೇಗ ಹೋಗಲ್ಲ.”

“ಸಂತೋಷ,” ಎಂದಳು ಸೊಸೆ.

“ಇವಳು ಸುಮ್ನೆ ನಿಂತಿದ್ದಾಳೆ, ಇವಳನ್ನೂ ಒಂದ್ಸಲ ನೋಡ್ಬಿಡು,” ಎಂದರು ಅತ್ತೆ.

“ನನಗ್ಯಾಕೆ? ಒಲೆ ಮೇಲೆ ಹಾಲಿದೆ.”

“ಉಕ್ಕಿದ್ರೆ ವಾಸನೆ ಬರುತ್ತೆ. ಕೂತ್ಕೋ.”

ಸೊಸೆ ಎರಡು ಸಲ ಎದ್ದಳು. ಮೂರನೆಯ ಸಲ ಮಂಡಿಗೆ ಕೈ ಕೊಟ್ಟಳು. ಒಂಟಿ ಕಾಲಲ್ಲಿ ನಿಂತವಳು ಮೂರು ಎಣಿಸುವುದರೊಳಗೆ ನರ್ಸಿನ ಭುಜ ಹಿಡಿದಳು. ಐದು ಪದ ಕೇಳಿದಾಗ “ಕಿಟಕಿ” ಎಂದಳು. ಸ್ವಲ್ಪ ಹೊತ್ತು ಯೋಚಿಸಿ ಮತ್ತೆ “ಕಿಟಕಿ” ಎಂದಳು. ನರ್ಸ್ ಬರೆದುಕೊಂಡದ್ದನ್ನು ಅಂಗೈಯಿಂದ ಮುಚ್ಚಿ, “ಒಂದ್ಸಲ ಡಾಕ್ಟರಿಗೆ ತೋರಿಸಿ ಅಕ್ಕ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ,” ಎಂದು ತೊಂಬತ್ತೊಂದರ ಎದುರಿಗೆ ಅರವತ್ಮೂರನ್ನು ಸಮಾಧಾನ ಮಾಡಿ ಹೋದಳು.

ಆ ದಿನವಿಡೀ ಅತ್ತೆ ಒಂದೇ ಒಂದು ಕೊಂಕು ಮಾತೂ ಆಡಲಿಲ್ಲ. ಸೊಸೆಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಮರುದಿನ ಬೆಳಿಗ್ಗೆ ಅತ್ತೆ ಕೋಣೆಯಿಂದ ಕೂಗಿದರು. ಕೋಣೆಯ ನಡುವೆ ಕುರ್ಚಿ ಇಟ್ಟುಕೊಂಡಿದ್ದರು.

“ಆ ಕಡೆ ನೀನು ಹಿಡ್ಕೋ, ಈ ಕಡೆ ನಾನು. ಎತ್ತು ಕಾಲು.”

“ಈ ವಯಸ್ಸಲ್ಲಿ ಇದೆಲ್ಲ ಯಾಕೆ ಅತ್ತೆ?”

“ಯಾರ ವಯಸ್ಸಲ್ಲಿ? ನೀನು ನನಗಿಂತ ಮುಂಚೆ ಹೋದ್ರೆ ಇನ್ನೊಬ್ಬಳನ್ನ ಪಳಗಿಸೋಕೆ ನನ್ನ ಕೈಲಾಗಲ್ಲ. ಎತ್ತೇ!”

ಸೊಸೆ ಕಾಲೆತ್ತಿದಳು. ಎದುರಿಗೆ ಕಿಟಕಿಯಿತ್ತು, ಅದರ ಕೆಳಗಿದ್ದ ಟ್ರಂಕನ್ನು ಅತ್ತೆ ಆಗಲೇ ಮೂಲೆಗೆ ಎಳೆದುಹಾಕಿದ್ದರು. ಧೂಳಿನ ಒಂದು ಕಣ ಕಂಡರೂ ಬಟ್ಟೆ ಹಿಡಿದು ಓಡುವ ಅತ್ತೆಯ ಆ ಗೋಡೆಯ ಮೇಲೆ, ಸೀಮೆಸುಣ್ಣದ ಎರಡು ಗೆರೆಗಳು ಎಳೆದ ಹಾಗೇ ಇದ್ದವು.

“ಅಲ್ಲಿ ಇಲ್ಲಿ ನೋಡ್ಬೇಡ, ಬೀಳ್ತೀಯ. ನಿನ್ನೆಯ ಐದು ಪದ ಹೇಳು.”

“ಕಿಟಕಿ...”

“ಅದು ಬಿಡು, ಅದನ್ನ ಹತ್ತು ವರ್ಷದಿಂದ ಜಪಿಸ್ತಿದ್ದೀಯ.” ಅತ್ತೆ ಕಾಲು ಬದಲಿಸಿದರು. “ಮುಂದಿನದು ಹೇಳು.”