ಕಿರುಗೇಟಿನ ಬೀಗ

ತಾನೂ ಆ ಮನೆಗಳಲ್ಲೇ ಇದ್ದೇನೆಂದು ಹೇಳಿಬಿಟ್ಟರೆ ಮಾಲಿಯ ಕೆಲಸ ಉಳಿಯುತ್ತದೆಯೇ? ಯಾದಗಿರಿಯ ಪಾರ್ಕಿನ ಕಿರುಗೇಟಿನ ಮುಂದೆ ಮಲ್ಕಪ್ಪ ಬೀಗ ಹಿಡಿದು ನಿಂತಿದ್ದ. ಗೇಟಿನಾಚೆ, ನೆಲೆಯಿಲ್ಲದವರಿಗೆಂದು ಲಾರಿಯಲ್ಲಿ ತಂದು ಇಳಿಸಿದ ತಗಡಿನ ಡಬ್ಬಿಮನೆಗಳಿದ್ದವು.

"ಲಗೂನ ಹಾಕಪ್ಪ ಮಲ್ಕಪ್ಪ. ಡಬ್ಬಿಮನಿ ಮಂದಿ ಒಳಗ ಬಂದು ಕುಂತ್ರ ನಾವೆಲ್ಲಿ ವಾಕಿಂಗ್ ಮಾಡೋದು?" ವಾಕಿಂಗ್ ಸಂಘದ ಪರಿಮಳಾ ಟೀಚರ್ ಅವಸರಪಡಿಸಿದರು. ಅಷ್ಟರಲ್ಲಿ ಮಲ್ಕಪ್ಪನ ಹೆಂಡತಿ ಭೀಮವ್ವ ದಿನದಂತೆ ಅವನ ರೊಟ್ಟಿಗಂಟು ಹಿಡಿದು ಗೇಟಿಗೆ ಬಂದಳು. "ನೋಡು, ಬಂದೇಬಿಟ್ಳು! ಯಾರಾಕಿ? ನಿನಗ ಗುರ್ತದಾಳೇನು?"

ಮಲ್ಕಪ್ಪ ತಲೆ ತಗ್ಗಿಸಿ ಬೀಗ ಒತ್ತಿದ. ಮದುವೆಯಾದಂದಿನಿಂದ ಒಮ್ಮೆಯೂ ಗಂಡನನ್ನು ಹೆಸರು ಹಿಡಿದು ಕರೆಯದ ಭೀಮವ್ವ, ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ತಪ್ಪಾತ್ರಿ ಮಲ್ಕಪ್ಪಣ್ಣ, ದಾರಿ ತಪ್ಪಿ ಬಂದೆ," ಎಂದು ತಿರುಗಿದಳು.