ದಾರಿಯಲ್ಲಿ ನಿಂತವರು

ಲಾಯ್ಡ್ ಮತ್ತೆ ಬ್ರೇಕ್ ಹಾಕಿದ. ಓಡುವ ಮನೆಯಂತಿದ್ದ ಕ್ಯಾರವಾನಿನ ಹಿಂಭಾಗದಲ್ಲಿ ಪಾತ್ರೆಗಳು ದಡಬಡ ಎಂದವು. ಬೀರುವಿನ ಬಾಗಿಲು ತೆರೆದುಕೊಂಡು ಮಗಳ ಮದುವೆಯ ಬಿಳಿ ಗೌನು ಅರ್ಧ ಹೊರಗೆ ಜೋತುಬಿತ್ತು. ಮರ್ನಾ ಎದ್ದು ಹೋಗಿ ಅದನ್ನು ಒಳಗೆ ಸೇರಿಸಿ ಬರುವಷ್ಟರಲ್ಲಿ ಅವಳ ಗಂಡ ಕಿಟಕಿಯಿಂದ ತಲೆ ಹೊರಹಾಕಿ, ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿಕೊಂಡಿದ್ದ ಇಬ್ಬರನ್ನು, "ಎಲ್ಲಾ ಸರಿ ಇದೆಯಾ? ಏನಾದ್ರೂ ಬೇಕಿತ್ತಾ?" ಎಂದು ವಿಚಾರಿಸುತ್ತಿದ್ದ. ಅವರು ನರಿಯ ಫೋಟೋ ತೆಗೆಯುತ್ತಿದ್ದರು. ಕ್ಯಾರವಾನಿನ ಸದ್ದಿಗೆ ನರಿ ಪರಾರಿಯಾಗಿತ್ತು.

"ನೋಡಿದ್ರಾ? ಅವರಿಗೆ ಬೇಕಾಗಿದ್ದು ಒಂದೇ, ನೀವು ಅಲ್ಲಿಂದ ತೊಲಗೋದು" ಎಂದಳು ಮರ್ನಾ.

"ಈ ರಸ್ತೇಲಿ ನಿಂತ ಗಾಡಿ ಕಂಡ್ರೆ ನಿಲ್ಲಿಸಿ ಕೇಳ್ಬೇಕು ಕಣೇ. ನಮ್ಮಪ್ಪನೂ ಕೇಳ್ತಿದ್ದ. ಫೋನ್ ಸಿಗಲ್ಲ, ಪೆಟ್ರೋಲ್ ಬಂಕು ಎಲ್ಲೋ ಇದೆ. ಕೆಟ್ಟು ನಿಂತೋರ ಗತಿ ಏನು?"

"ಕೆಟ್ಟು ನಿಂತೋರು ಯಾರಿದ್ರು ಹೇಳಿ ಸ್ವಲ್ಪ. ಬೆಳಗ್ಗೆ ನಿಲ್ಲಿಸಿದ್ರಲ್ಲ, ಅವನು ಪೊದೆ ಮರೇಲಿ ಉಚ್ಚೆ ಹೊಯ್ತಿದ್ದ. ಪಾಪ, ಅರ್ಧಕ್ಕೇ ಎದ್ದು ಬಂದ. ಆಮೇಲಿನವರು ಊಟ ಮಾಡ್ತಿದ್ರು. ನೀವೂ ಕೂತು ಕಾಫಿ ಕುಡಿದು, ಅವರ ನಾಯಿಗೆ ಎಷ್ಟು ವಯಸ್ಸು ಅಂತ ಕೇಳ್ಕೊಂಡು ಬಂದ್ರಿ."

ಮರ್ನಾಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ನಾಳೆ ನದಿಯಾಚೆ, ದೂರದ ಉತ್ತರದ ಇನುವಿಕ್ ಊರಿನಲ್ಲಿ ಮಗಳು ಶೆಲ್ಬಿಯ ಮದುವೆ. ಚಳಿಗಾಲವಿಡೀ ಕೂತು ಮರ್ನಾಳೇ ಹೊಲಿದ ಗೌನು ಇಲ್ಲಿ ಗಾಡಿಯಲ್ಲಿದೆ. ಪೀಲ್ ನದಿಯಲ್ಲಿ ನೀರು ಏರಿದೆ, ಮರದ ದಿಮ್ಮಿಗಳು ತೇಲಿಬರುತ್ತಿವೆ, ಗಾಡಿಗಳನ್ನು ದಾಟಿಸುವ ಫೆರಿ ಈ ಸಂಜೆಯಿಂದ ಬಂದ್, ಮತ್ತೆ ಎಂದು ಶುರುವಾಗುತ್ತದೋ ದೇವರೇ ಬಲ್ಲ ಎಂದು ಬೆಳಗ್ಗೆ ತಿಂಡಿ ತಿಂದ ಹೋಟೆಲಿನಲ್ಲೇ ಹೇಳಿದ್ದರು. ಸೇತುವೆ ಎಂಬುದೇ ಇಲ್ಲದ ನದಿ. ಇಷ್ಟೆಲ್ಲ ಗೊತ್ತಿದ್ದೂ ಈ ಮನುಷ್ಯನಿಗೆ ನರಿ ನೋಡುವವರ ಯೋಗಕ್ಷೇಮ ಬೇಕು.

"ಇನ್ನೊಂದು ಸಲ ನಿಲ್ಲಿಸಿದ್ರೆ ಗೌನು ಹೆಗಲಿಗೆ ಹಾಕ್ಕೊಂಡು ನಾನು ನಡೆದೇ ಹೋಗ್ತೀನಿ. ನೀವು ಇಲ್ಲೇ ಇದ್ದು ಲೋಕೋದ್ಧಾರ ಮಾಡ್ಕೊಂಡಿರಿ" ಎಂದಳು. ಲಾಯ್ಡ್ ಗಿಯರ್ ಬದಲಿಸಿದ.

ದಿಣ್ಣೆಯೊಂದನ್ನು ಇಳಿದು ತಿರುಗಿದಾಗ ಹಸಿರು ಟ್ರಕ್ಕೊಂದು ಕಂಡಿತು, ಮೈತುಂಬ ಕೆಸರು. ವಯಸ್ಸಾದವನೊಬ್ಬ ಅದರ ಹಿಂದಿನ ಹಲಗೆಯ ಮೇಲೆ ಕೂತು ಕೈ ಎತ್ತಿದ. ಲಾಯ್ಡ್‌ನ ಕಾಲು ಬ್ರೇಕಿನತ್ತ ಸರಿಯಿತು.

"ರೀ."

"ಕೈ ಎತ್ತಿದ್ನಲ್ಲೇ."

"ಇಲ್ಲಿ ಎಲ್ಲರೂ ಎಲ್ಲರಿಗೂ ಕೈ ಎತ್ತುತ್ತಾರೆ. ಆರಾಮಾಗಿ ಕೂತು ಸಿಗರೇಟು ಸೇದ್ತಿದ್ದಾನೆ, ಕಾಣಲ್ವಾ? ನಡೀರಿ ಮುಂದೆ."

ಮರ್ನಾ ತಾನೂ ನಗುನಗುತ್ತ ಕೈ ಬೀಸಿದಳು. ಕ್ಯಾರವಾನು ಧೂಳೆಬ್ಬಿಸಿಕೊಂಡು ಮುಂದೆ ಹೋಯಿತು. ಲಾಯ್ಡ್ ಬಹಳ ಹೊತ್ತು ಪಕ್ಕದ ಕನ್ನಡಿಯನ್ನೇ ನೋಡುತ್ತಿದ್ದ. ಏನು ಬೇಕಾದರೂ ನೋಡಿಕೊಳ್ಳಲಿ, ಗಾಡಿ ಓಡಿಸಿದರೆ ಸಾಕು ಎಂದುಕೊಂಡ ಮರ್ನಾ ಬೆಳಗಿನಿಂದ ಮೊದಲ ಸಲ ಸೀಟಿಗೆ ಒರಗಿ ಕೂತಳು.

ನದಿ ಬಂತು. ಫೆರಿ ಈಚೆ ದಡದಲ್ಲೇ ಇತ್ತು. ಮರ್ನಾ ದೇವರಿಗೆ ಕೈ ಮುಗಿಯಬೇಕು, ಅಷ್ಟರಲ್ಲಿ ಗಮನಿಸಿದಳು: ನಾಲ್ಕಾರು ಗಾಡಿಗಳು ಸಾಲಾಗಿ ಸುಮ್ಮನೆ ನಿಂತಿವೆ, ಫೆರಿಯ ಎಂಜಿನ್ ಸದ್ದಿಲ್ಲ. ಗಾಡಿ ಹತ್ತಿಸುವ ಕೆಲಸದ ಹುಡುಗಿ ಹಗ್ಗದ ಸುರುಳಿಯ ಮೇಲೆ ಕೂತು ಒಣಮೀನು ಜಗಿಯುತ್ತಿದ್ದಳು. ಮರ್ನಾ ಇಳಿದು ಓಡಿದಳು.

"ಯಾಕಮ್ಮಾ, ಹೊರಡಲ್ವಾ?"

"ಓಡಿಸೋರು ಬೇಕಲ್ಲ. ಹಳ್ಳದ ಹತ್ರ ಮೀನು ಹಿಡೀತಿದ್ದೋರಿಗೆ, ಫೆರಿ ನಿಲ್ಲುತ್ತೆ, ಬೇಗ ಬನ್ನಿ ಅಂತ ಹೇಳೋಕೆ ಹೋದ್ರು ನಮ್ಮ ವಿಲ್ಬರ್ಟ್ ಮಾಮ. ಅವರೆಲ್ಲ ಬಂದ್ರು. ಹಿಂದೇನೇ ಬರ್ತೀನಿ ಅಂದ ಮಾಮನ ಪತ್ತೆ ಇಲ್ಲ. ನೀರು ನೋಡಿದ್ರೆ ಇನ್ನೊಂದು ಸಲ ದಾಟಿಸ್ಬಹುದು, ಅಷ್ಟೇ. ದಾರೀಲಿ ಹಸಿರು ಟ್ರಕ್ಕು ಏನಾದ್ರೂ ಕಾಣಿಸ್ತಾ?"

ಮರ್ನಾ ವಾಪಸು ಬಂದು ಹತ್ತಿ ಕೂತಳು.

"ತಿರುಗಿಸಿ" ಎಂದಳು.

ಲಾಯ್ಡ್ ತಿರುಗಿಸಿದ. 'ನಾನು ಆಗಲೇ ಹೇಳಿದ್ದೆ' ಎಂದು ಒಂದು ಮಾತು ಅಂದಿದ್ದರೆ ಅವಳು ಜಗಳವಾದರೂ ಆಡಬಹುದಿತ್ತು. ಆ ಪುಣ್ಯಾತ್ಮ ಅದನ್ನೂ ಅನ್ನಲಿಲ್ಲ. ದಾರಿಯುದ್ದಕ್ಕೂ ಅವಳು ಒಳಗೊಳಗೇ ಕುದಿಯುತ್ತಿದ್ದಳು, ಯಾರ ಮೇಲೆ ಎಂಬುದು ಅವಳಿಗೇ ಸರಿಯಾಗಿ ತಿಳಿಯಲಿಲ್ಲ.

ಟ್ರಕ್ಕು ಅಲ್ಲೇ ಇತ್ತು. ಚೂಪುಕಲ್ಲಿಗೆ ಹಿಂದಿನ ಎರಡೂ ಟೈರು ಹರಿದಿದ್ದವು, ಇದ್ದ ಸ್ಟೆಪ್ನಿ ಒಂದೇ. ವಿಲ್ಬರ್ಟ್ ಸಿಗರೇಟು ಹೊಸಕಿ, ಕುಂಟುತ್ತ ಓಡಿಬಂದ. ಬಂದವನು ಹತ್ತಲಿಲ್ಲ. ಬಾಗಿಲ ಬಳಿ ನಿಂತು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮರ್ನಾ, ಬೈಸಿಕೊಳ್ಳಲು ಸಿದ್ಧಳಾಗಿ, ಮಡಿಲು ನೋಡುತ್ತ ಕೂತಿದ್ದಳು.

ಅವನು ಅವಳ ಭುಜದ ಮೇಲಿಂದ ಒಳಗಿನ ಹಾಸಿಗೆಯತ್ತ ಇಣುಕಿ, ದನಿ ತಗ್ಗಿಸಿ ಕೇಳಿದ:

"ನೀವು ನಿಲ್ಲಿಸದೆ ಹೋದಾಗಲೇ ಅಂದ್ಕೊಂಡೆ ತಾಯಿ, ಒಳಗೆ ಯಾರಿಗೋ ಉಸಿರು ನಿಲ್ಲೋ ಹಾಗಾಗಿದೆ ಅಂತ. ಆಗಿನಿಂದ ಕೂತು ಅವರಿಗೋಸ್ಕರ ಪ್ರಾರ್ಥನೆ ಮಾಡ್ತಿದ್ದೆ. ಈಗ ಹೇಗಿದ್ದಾರೆ?"