ಮೇಜಿನ ಮೇಲೆ ಒಂದೇ ಡಬ್ಬಿ

ತಕ್ಕಡಿಯನ್ನು ಯಾರೋ ಮುಟ್ಟಿದ್ದರು.

ಬಾಲಕೃಷ್ಣ ಗ್ಯಾರೇಜಿನ ಬಾಗಿಲಲ್ಲೇ ನಿಂತುಬಿಟ್ಟ. ಶೆಫೀಲ್ಡಿನ ಆಸ್ಪತ್ರೆಯಲ್ಲಿ ಡಾಕ್ಟರಿಕೆಯ ಆನ್-ಕಾಲ್ ಪಾಳಿ ಮುಗಿಸಿ ಈಗಷ್ಟೇ ಮ್ಯಾಕಲ್ಸ್‌ಫೀಲ್ಡಿನ ಮನೆಗೆ ಬಂದಿದ್ದ. ಗುರುವಾರ ಹೊರಡುವಾಗ ತಕ್ಕಡಿಯ ತಟ್ಟೆ ಗೋಡೆಯ ಕಡೆಗಿತ್ತು. ಈಗ, ಶನಿವಾರ ಬೆಳಿಗ್ಗೆ, ಒರೆಸಿ ನಡುವಿಗೆ ಇಡಲಾಗಿತ್ತು. ಈ ಮನೆಯಲ್ಲಿ ಅವನ ಹೊರತು ಇದ್ದವಳು ಹೆಂಡತಿ ಚಂದ್ರಿಕಾ ಒಬ್ಬಳೇ.

ಕಬ್ಬಿಣದ ಬೀರು ತೆರೆದು ಅವಳ ಗುಂಡುಗಳ ಪೆಟ್ಟಿಗೆ ನೋಡಿದ. ಇಪ್ಪತ್ತೂ ಇದ್ದವು. ಮೊದಲ ಸಾಲಿನ ಮೂರನೆಯದನ್ನು ತಿರುಗಿಸಿದ. ಬುಡದಲ್ಲಿ ಕೆಂಪು ಚುಕ್ಕೆ. ಸದ್ಯ, ಬದುಕಿದೆ ಎಂದುಕೊಂಡ.

ಅವನಿಗೆ ಜಿಂಕೆ ಬೇಟೆಯ ಹುಚ್ಚು. ಅಂಗಡಿಯ ಗುಂಡು ಅವನಿಗೆ ಆಗದು. ಹೊಡೆದು ಖಾಲಿಯಾದ ಹಿತ್ತಾಳೆ ಕೊಳವೆಗೆ ತಾನೇ ಮದ್ದಿನ ಪುಡಿ ತೂಗಿ ತುಂಬಿ, ಮೇಲೆ ಸೀಸದ ಗುಂಡು ಒತ್ತಿ ಕೂರಿಸುತ್ತಿದ್ದ. ಒಂದು ಸಲಕ್ಕೆ ಐದೈದು. ತುಂಬಿದ ಕ್ರಮದಲ್ಲೇ ಹೊಡೆಯುವುದು, ತೂತುಗಳ ನಡುವಿನ ಅಂತರ ಅಳೆಯುವುದು, ಪುಡಿಯನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡುವುದು. ಆರು ತಿಂಗಳಿಂದ ಇದೇ ಪೂಜೆ. ಆ ಪೂಜೆಗೆ ಒಂದು ನಿಯಮವಿತ್ತು: ಮೇಜಿನ ಮೇಲೆ ಒಂದೇ ಪುಡಿಯ ಡಬ್ಬಿ. ಏಕೆಂದರೆ ಪುಡಿಗಳು ನೋಡಲು ಒಂದೇ ಥರ, ತಪ್ಪಿದರೆ ರೈಫಲ್ಲೇ ಮುಖದ ಮೇಲೆ ಸಿಡಿಯುತ್ತದೆ. ಚಂದ್ರಿಕಾಳಿಗೆ ಇದನ್ನು ನೂರು ಸಲ ಬಾಯಿಪಾಠ ಮಾಡಿಸಿದ್ದ.

ಗುರುವಾರ ಆ ನಿಯಮವನ್ನು ತಾನೇ ಮುರಿದ. ಕೆಂಪು ಚುಕ್ಕೆಯ ಕೊಳವೆಗೆ ಬೇರೆ ಪುಡಿ ತುಂಬಿದ. ಆ ಇನ್ನೊಂದು ಡಬ್ಬಿಯನ್ನು ಅಂದೇ ಮನೆಯಿಂದ ಸಾಗಹಾಕಿದ.

ಕಾರಣ ಅವನ ಗುಟ್ಟಿನ ಗೆಳತಿ ಅಮೂಲ್ಯಾ. ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಮಕ್ಕಳ ಡಾಕ್ಟರು, ಇನ್ನೂ ಮದುವೆಯಾಗಿಲ್ಲ. "ಡೈವೋರ್ಸ್ ಆದವ್ರನ್ನ ಅಪ್ಪ ಮನೆ ಒಳಗೂ ಸೇರಿಸಲ್ಲ. ಹೆಂಡ್ತಿ ತೀರ್ಕೊಂಡೋರಾದ್ರೆ ಅದು ಬೇರೆ ಮಾತು," ಎಂದು ಒಮ್ಮೆ ನಕ್ಕಿದ್ದಳು. ಬಾಲಕೃಷ್ಣ ನಗಲಿಲ್ಲ. ಮಾರನೆಯ ದಿನವೇ ಹೆಂಡತಿಯ ಹೆಸರಲ್ಲಿ ಬಂದೂಕಿನ ಲೈಸೆನ್ಸಿಗೆ ಅರ್ಜಿ ಹಾಕಿಸಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಗಂಡ ತನ್ನನ್ನು ಜೊತೆಗೆ ಕರೆದನೆಂದು ಆ ಪಾಪದವಳು ಹಿಗ್ಗಿ ಹೀರೇಕಾಯಿಯಾಗಿದ್ದಳು.

"ತಕ್ಕಡಿ ಮುಟ್ಟಿದ್ಯಾ?" ಅಡುಗೆಮನೆಗೆ ಬಂದು ಕೇಳಿದ.

"ಹೂಂ ರೀ, ನಿನ್ನೆ ನಾನು ಏನ್ ಮಾಡ್ದೆ ಅಂದ್ರೆ..."

ಬಾಲಕೃಷ್ಣ ಗ್ಯಾರೇಜಿನಿಂದ ಕತ್ತಿಗೆ ಹಾಕಿಕೊಂಡು ಬಂದಿದ್ದ ಇಯರ್‌ಮಫ್ ಎತ್ತಿ ಕಿವಿ ಮುಚ್ಚಿಕೊಂಡ. ಗುಂಡಿನ ಸದ್ದಿಗೆಂದು ಕೊಂಡದ್ದು ಅದು. ಅವಳು ಮಾತು ಶುರುಮಾಡಿದರೂ ಹಾಕಿಕೊಳ್ಳುತ್ತಿದ್ದ, ನೆಂಟರ ಎದುರಲ್ಲೂ. "ನನ್ನ ಹೆಂಡ್ತಿಗೆ ಸೈಲೆನ್ಸರ್ ಇಲ್ಲ," ಎಂದು ಎಲ್ಲರನ್ನೂ ನಗಿಸುತ್ತಿದ್ದ. ಚಂದ್ರಿಕಾ ಎಂದಿನಂತೆ ಅರ್ಧಕ್ಕೇ ನಿಲ್ಲಿಸಿದಳು.

ಧೂಳು ಒರೆಸಿರಬೇಕು, ಅಷ್ಟೆ. ಮಾತ್ರೆ ಕಾರ್ಖಾನೆಯ ಲ್ಯಾಬಿನಲ್ಲಿ ತೂಕ ನೋಡುವುದೇ ಅವಳ ನೌಕರಿ. ಬೇರೆಯವರು ತೂಗಿದ್ದನ್ನು ಇನ್ನೊಮ್ಮೆ ತೂಗದೆ ಸಹಿ ಹಾಕದ ಜಾತಿ; ತಕ್ಕಡಿ ಕಂಡರೆ ಕೈ ಸುಮ್ಮನಿರದು. ಅವನು ತಿಂದು ಉಳಿಸಿದ ಅವಲಕ್ಕಿ ಚೂಡಾವನ್ನು ಅವಳು ತಟ್ಟೆಯಿಂದ ಡಬ್ಬಿಗೇ ವಾಪಸ್ ಸುರಿದಳು. ಒಂದು ಕಡಲೆಬೀಜ ಬಿಸಾಡಿದ ಹೆಂಗಸಲ್ಲ. ಥೂ, ಜಿಪುಣಿ ಎಂದುಕೊಂಡ ಬಾಲಕೃಷ್ಣ.

ಹೊರಡುವ ಮುಂಚೆ ತನ್ನ ರೈಫಲ್ಲಿಗೂ ಐದು ಗುಂಡು ಮಾಡಿಕೊಂಡ. ಮೇಜಿನ ಮೇಲಿದ್ದ ಡಬ್ಬಿ ತೆರೆದು, ಮೇಲಿನಿಂದ ಚಮಚದಲ್ಲಿ ತೆಗೆದು, ತೂಗಿ, ತುಂಬಿ, ಒತ್ತಿ, ಕ್ರಮವಾಗಿ ಜೋಡಿಸಿಕೊಂಡ.

ಊರಾಚೆಯ ಗುಡ್ಡದ ಮೇಲೆ ಪರಿಚಯದ ರೈತನ ಜಮೀನು. ಸುತ್ತ ಕಲ್ಲಿನ ಗೋಡೆ, ಕುರಿಗಳೂ ಇಲ್ಲ. ನೂರು ಗಜದಾಚೆ ಗುರಿಯ ಹಲಗೆ. ಚಂದ್ರಿಕಾ ಚಾಪೆಯ ಮೇಲೆ ಬೋರಲು ಮಲಗಿ ಒಂದು ಹೊಡೆದಳು. ಎರಡು ಹೊಡೆದಳು.

"ಒಂದ್ನಿಮಿಷ ಬಂದೆ," ಎಂದು ಬಾಲಕೃಷ್ಣ ಕಲ್ಲುಗೋಡೆಯ ಹಿಂದೆ ಹೋಗಿ ಕೂತ. ಆಂಬ್ಯುಲೆನ್ಸಿಗೆ ಫೋನ್ ಮಾಡುವಾಗ ಹೇಗೆ ಅಳಬೇಕೆಂದು ಕಾರಿನಲ್ಲೇ ಅಭ್ಯಾಸ ಮಾಡಿದ್ದ.

ಢಂ!

ಆಮೇಲೆ ಮೌನ. ಆಮೇಲೆ ಚಂದ್ರಿಕಾಳ ನಗು.

"ರೀ! ಬನ್ರೀ ಇಲ್ಲಿ! ಮೂರೂ ಒಂದೇ ತೂತು!"

ಬಾಲಕೃಷ್ಣ ಗೋಡೆಯ ಹಿಂದಿನಿಂದ ಎದ್ದ. ಬಂದು ಖಾಲಿ ಕೊಳವೆ ಎತ್ತಿ ನೋಡಿದ. ಕೆಂಪು ಚುಕ್ಕೆ! ಅದೇ ಗುಂಡು. ಪುಡಿ ಕೆಟ್ಟಿತ್ತೇ? ಗಡಿಬಿಡಿಯಲ್ಲಿ ಬೇರೆ ಕೊಳವೆಗೆ ತುಂಬಿದೆನೇ? ಅವಳ ಮುಖ ನೋಡಿದ. ಅದರಲ್ಲಿ ಕಳ್ಳತನವಿರಲಿಲ್ಲ. ಜಾತ್ರೆಗೆ ಬಂದ ಹುಡುಗಿಯ ಖುಷಿಯಿತ್ತು.

ದುರ್ಬೀನಿನಲ್ಲಿ ಹಲಗೆ ನೋಡಿದ. ಮೂರು ತೂತುಗಳನ್ನು ಒಂದು ಪೆನ್ನಿ ನಾಣ್ಯ ಮುಚ್ಚುವಂತಿತ್ತು. ಆರು ತಿಂಗಳಲ್ಲಿ ಒಮ್ಮೆಯೂ ಅವನು ಅಷ್ಟು ಹತ್ತಿರ ಹೊಡೆದಿರಲಿಲ್ಲ. ಹೊಟ್ಟೆ ಧಗಧಗ ಉರಿಯಿತು. ಕೊಲ್ಲಲು ಇನ್ನೊಂದು ಶನಿವಾರ ಇದ್ದೇ ಇದೆ; ಮೊದಲು ಇವಳ ಸೊಕ್ಕು ಇಳಿಯಬೇಕು.

"ಏಳು ಆ ಕಡೆ," ಎಂದು ತನ್ನ ರೈಫಲ್ ತಂದು ಚಾಪೆಯ ಮೇಲೆ ಮಲಗಿದ. ಮೊದಲು ತುಂಬಿದ ಗುಂಡನ್ನೇ ಮೊದಲು ಹಾಕಿದ.

ಚಂದ್ರಿಕಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. "ಬೆಳಿಗ್ಗೆನೇ ಹೇಳೋಕ್ ಹೋದೆ, ನೀವು ಕೇಳ್ಲಿಲ್ಲ. ನಿನ್ನೆ ಸುಮ್ನೆ ನನ್ನ ಗುಂಡುಗಳ್ನೆಲ್ಲ ತೂಗ್ದೆ ರೀ. ಮೂರನೇದು ತಾಳೆನೇ ಆಗ್ಲಿಲ್ಲ. ಪಾಪ, ಸುಸ್ತಲ್ಲಿ ತಪ್ಪು ತೂಗಿದೀರಾ ಅನ್ಕೊಂಡೆ. ಬಿಚ್ಚಿ, ಡಬ್ಬೀಲಿದ್ದ ಪುಡೀನ ಸರಿಯಾಗಿ ತೂಗಿ ತುಂಬ್ದೆ. ಒಳಗಿದ್ದ ಹಳೇ ಪುಡೀನ ಫ್ಯಾಕ್ಟರೀಲಾಗಿದ್ರೆ ಬಿಸಾಡ್ಬೇಕಿತ್ತು. ಮನೆ ಅಲ್ವಾ, ವೇಸ್ಟ್ ಯಾಕೆ ಅಂತ ಆಮೇಲೆ ಡಬ್ಬಿಗೇ ವಾಪಸ್ ಸುರಿದುಬಿಟ್ಟೆ. ಮೇಜಿನ ಮೇಲೆ ಇದ್ದದ್ದು ಒಂದೇ ಡಬ್ಬಿ ತಾನೇ?"

ಅವಳು ಬಾಯಿ ತೆರೆದ ಕೂಡಲೇ ಇಯರ್‌ಮಫ್ ಎಳೆದುಕೊಂಡಿದ್ದ ಬಾಲಕೃಷ್ಣ, ಕೆನ್ನೆಯನ್ನು ರೈಫಲ್ಲಿಗೆ ಒತ್ತಿ ಟ್ರಿಗರ್ ಎಳೆದ.